ಉಸ್ತಾದರಿಗೆ ನಾನು ಕಳುಹಿಸಿದ ನೋಟೀಸು

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಂಚಿಕೆಯನ್ನು ಓದುವ ಮಾನ್ಯರಲ್ಲಿ ಸವಿನಯ ವಿಜ್ಞಾಪನೆ. ನಾನು ವಿಮಾ ಕಚೇರಿಯೊಂದರ ವಾಹನ ಪರಿಹಾರ ವಿಭಾಗದಲ್ಲಿ ಗುಮಾಸ್ತನಾಗಿದ್ದು, ಈಗ ನಿವೃತ್ತನಾಗಿರುತ್ತೇನೆ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದ ಅಭ್ಯಾಸ ನನಗಿರುವುದಿಲ್ಲ. ನನ್ನ ಕೈಬರಹ ಕೋಳಿ ಕೆದಕಿದಂತಿರುತ್ತದೆ. ಒತ್ತಕ್ಷರ, ದೀರ್ಘಗಳಲ್ಲಿ ತಪ್ಪುಗಳು ನುಸುಳಿರುವ ಸಂಭವವೂ ಇದೆ. ಅವನ್ನು ಮೊದಲಿಗೇ ಮನ್ನಿಸಬೇಕಾಗಿ ಕೋರುತ್ತೇನೆ.

ಕಳೆದ ತಿಂಗಳು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಮೊಬೈಲ್ ರಿಪೇರಿಗೆಂದು ನಿಂತಿದ್ದೆ. ಅಂಗಡಿಯ ಹೆಣ್ಣುಮಗಳು ಬೆಸುಗೆ ಹಾಕುತ್ತಿದ್ದಂತೆ ಸುಟ್ಟ ರಾಳದ ಹೊಗೆ ಮೇಲೆದ್ದು ನೇರವಾಗಿ ನನ್ನ ಮೂಗಿಗೆ ಬಡಿಯಿತು. ನನಗೆ ನಿಲ್ಲಲಾಗಲಿಲ್ಲ. ಫೋನನ್ನು ಅಲ್ಲಿಯೇ ಬಿಟ್ಟು ರಸ್ತೆಯ ಕೊನೆಯವರೆಗೆ ನಡೆದೆ, ಹಿಂತಿರುಗಿದೆ, ಮತ್ತೆ ನಡೆದೆ. "ಸರ್, ಆಗೋಯ್ತು, ಎಲ್ಲಿಗ್ ಹೋಗ್ತಿದ್ದೀರಾ?" ಎಂದು ಆಕೆ ಕೂಗಿದ್ದು ಎರಡನೆಯ ಸಲಕ್ಕೆ ಕೇಳಿಸಿತು. ಆ ವಾಸನೆ ಶಿವಾಜಿನಗರದ ಉಸ್ತಾದರದು...

ಸುಮಾರು ಹದಿನೈದು ವರ್ಷಗಳ ಹಿಂದಿನ ವಿಷಯ. ವಿಮಾನಪುರದಲ್ಲಿದ್ದ ನನ್ನ ಅಣ್ಣ ಪ್ರಾಯದಲ್ಲಿ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸುತ್ತಿದ್ದವನು. ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿದ ಮೇಲೆ ಗಿಟಾರನ್ನೂ ಅದರ ಹಳೆಯ ವಾಲ್ವ್ ಆಂಪ್ಲಿಫೈಯರನ್ನೂ ಅವನಿಂದಲೇ ಅಷ್ಟಿಷ್ಟು ನುಡಿಸಲು ಕಲಿತಿದ್ದ ನನ್ನ ವಶಕ್ಕೆ ಒಪ್ಪಿಸಿದ. ಗಾಜಿನ ಬಲ್ಬಿನಂತಹ ವಾಲ್ವುಗಳು ಕಾದು ಕೆಂಪಗಾಗುವವರೆಗೆ ದನಿಯನ್ನೇ ಹೊರಡಿಸದ ಭಾರಿ ಪೆಟ್ಟಿಗೆ ಅದು. ಅದರ ಬೆನ್ನಿನ ಕಡೆ ವಾಲ್ವುಗಳ ನಡುವೆ ಕರೆಂಟಿನ ಏರಿಳಿತವನ್ನು ಸಮಗೊಳಿಸುವ ಬೆಳ್ಳಿಬಣ್ಣದ ಕಂಡೆನ್ಸರ್ ಒಂದು ಲೋಟದಂತೆ ನಿಂತಿತ್ತು. ಅದರ ಮೇಲೆ ಅಣ್ಣ ಮೊಳೆಯಿಂದ ತನ್ನ ಇನಿಷಿಯಲ್ ಗೀಚಿದ್ದ. ಅದು ಹಳತಾಗಿ ಪೆಟ್ಟಿಗೆ ಈಗ ಗುಂಯ್‌ಗುಡುತ್ತಿತ್ತು. ದನಿ ಅದರಡಿ ಮುಳುಗಿಹೋಗಿತ್ತು.

"ರಿಪೇರಿ ಮಾಡ್ಸು, ಬೇಡ ಅನ್ನಲ್ಲ. ಆದ್ರೆ ಅದರ ಮುಖ ಕೆಡಿಸ್ಬೇಡ ಕಣೋ" ಎಂದು ಅಣ್ಣ ಹೇಳಿದ್ದ.

ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಮೆಟ್ಟಿಲಿನ ಅಡಿಯಲ್ಲಿ, ಉಸ್ತಾದರ ಅಂಗಡಿ ಇತ್ತು. ಅವರ ನಿಜವಾದ ಹೆಸರನ್ನು ನಾನು ಕೇಳಿದವನಲ್ಲ. ಗಲ್ಲಿಯವರೆಲ್ಲ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಕರೆಂಟು ಹರಿಯುತ್ತಿರುವ ಸೆಟ್ಟನ್ನು ಪರೀಕ್ಷಿಸುವಾಗ ಅವರು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈಯಿಂದಷ್ಟೇ ಕೆಲಸ ಮಾಡುತ್ತಿದ್ದರು. ಅದನ್ನು ನಾನು ಮೊದಲು ಠೀವಿ ಎಂದು ಭಾವಿಸಿದ್ದೆ.

"ಎರಡೂ ಕೈ ಹಾಕಿದ್ರೆ ಕರೆಂಟು ಎದೆ ದಾಟ್ಕೊಂಡು ಹೋಗ್ತದೆ ಸಾಬ್. ಒಂದು ಕೈ ಯಾವಾಗ್ಲೂ ರಜಾದಲ್ಲಿ ಇರ್ಬೇಕು" ಎಂದು ಅವರೇ ತಿಳಿಸಿದರು.

ನನ್ನ ಕೋರಿಕೆಗಳನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿದ್ದೆ. ಗುಂಯ್‌ಗುಡುವುದು ನಿಲ್ಲಬೇಕು. ಮನೆಯಲ್ಲಿ ನುಡಿಸಲು ಸದ್ದು ತಗ್ಗಬೇಕು, ಆದರೆ ಜೋರು ದನಿಯಲ್ಲಿ ಮಾತ್ರ ಬರುವ ಆ ಬೆಚ್ಚಗಿನ ಒಡಕುದನಿ ಉಳಿಯಬೇಕು. ಹೊರನೋಟ ಎಳ್ಳಷ್ಟೂ ಬದಲಾಗಬಾರದು. ಈ ಕೊನೆಯದನ್ನು ನಾನು ಎರಡು ಬಾರಿ ಹೇಳಿದ್ದು ಚೆನ್ನಾಗಿ ನೆನಪಿದೆ.

ಕೆಲಸ ಒಂದು ತಿಂಗಳು ಹಿಡಿಯಿತು. ಅಷ್ಟು ದಿನವೂ ನನಗೆ ಸಮಾಧಾನವಿರಲಿಲ್ಲ. ಕಚೇರಿ ಬಿಟ್ಟೊಡನೆ ಬಸ್ಸು ಹತ್ತಿ ಹೋಗಿ ನಿಂತುಬಿಡುತ್ತಿದ್ದೆ. "ಆಸ್ಪತ್ರೆಗೆ ಬಂದಂಗೆ ದಿನಾ ಬರ್ತೀರಲ್ಲ ಸಾಬ್! ಪೇಷಂಟು ಚೆನ್ನಾಗೈತೆ, ನಿಮ್ದೇ ಬಿಪಿ ನೋಡಿಸ್ಬೇಕು" ಎಂದು ಉಸ್ತಾದರು ನಗುತ್ತಿದ್ದರು. ಸದ್ದು ತಗ್ಗಿಸುವ ಹೊಸ ತಿರುಗುಗುಂಡಿಗೂ ಅವರು ತೂತು ಕೊರೆಯಲಿಲ್ಲ. ಯಾರೂ ಬಳಸದಿದ್ದ ಹಳೆಯ ಸಾಕೆಟ್ಟಿನ ತೂತಿನಲ್ಲಿಯೇ ಅದನ್ನು ಕೂರಿಸಿದರು. "ಕಂಡೆನ್ಸರ್ ಎಲ್ಲಾ ಹೊಸದು ಹಾಕಿದೀನಿ" ಎಂದು ಹೇಳಿ ಪೆಟ್ಟಿಗೆಯನ್ನು ಕೊಟ್ಟರು.

ಅಣ್ಣನ ಮುಂದೆ ನುಡಿಸಿದೆ. ಅವನು ಕಣ್ಣು ಮುಚ್ಚಿಕೊಂಡು, ಆಡುವ ಕೈಯಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕಿದ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು...

ಪೆಟ್ಟಿಗೆಯನ್ನು ಮನೆಗೆ ತಂದು ಹಿಂಬದಿ ಒರೆಸುವಾಗ ಅಣ್ಣನ ಇನಿಷಿಯಲ್ ಇದ್ದ ಅದೇ ಹಳೆಯ ಕಂಡೆನ್ಸರ್ ಅದೇ ಜಾಗದಲ್ಲಿ ನಿಂತಿರುವುದು ಕಂಡುಬಂದಿತು. ಬದಲಾಯಿಸಿದ್ದೇವೆಂದು ಬರೆದುಕೊಟ್ಟು ಹಳೆಯ ಬಿಡಿಭಾಗವನ್ನೇ ಉಳಿಸುವ ಗ್ಯಾರೇಜುಗಳ ಕಡತಗಳನ್ನು ವರ್ಷಗಟ್ಟಲೆ ನೋಡಿದ್ದವನು ನಾನು. ಹಜಾರದಲ್ಲಿ ಅತ್ತಿಂದಿತ್ತ ಓಡಾಡಿದೆ. ಆಮೇಲೆ ಕುಳಿತು, ನನಗೆ ಬರುವ ಒಂದೇ ರೀತಿಯಲ್ಲಿ ಬರೆದೆ: "ಸದರಿ ಉಪಕರಣವನ್ನು ಪರಿಶೀಲಿಸಲಾಗಿ ಹಳೆಯ ಕಂಡೆನ್ಸರ್ ಯಥಾಸ್ಥಾನದಲ್ಲಿಯೇ ಇರುವುದು ಕಂಡುಬಂದಿರುತ್ತದೆ. ಏಳು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು."

ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. ವಿಷಯ ತಿಳಿದ ನನ್ನ ಹೆಂಡತಿ, "ಬಸ್ ಹತ್ತಿ ಹೋಗಿ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು.

ಉತ್ತರ ಬರಲಿಲ್ಲ. ಎಂಟನೆಯ ದಿನ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಹೋದೆ. ಉಸ್ತಾದರಿಗೆ ಕನ್ನಡ ಓದಲು ಬಾರದೆಂಬುದು ನನಗೆ ಹೊಳೆದೇ ಇರಲಿಲ್ಲ. ಅವರು ನನ್ನ ಪತ್ರವನ್ನು ಎದುರಿನ ಚಹಾದಂಗಡಿಯವನ ಕೈಗೆ ಕೊಟ್ಟಿದ್ದರು. ಅವನು ಅದನ್ನು ಗಿರಾಕಿಗಳೆಲ್ಲರ ನಡುವೆ ನಿಂತು ಗಟ್ಟಿಯಾಗಿ ಓದಿದ್ದ. ನಾನು ಆಟೋ ಇಳಿಯುತ್ತಿದ್ದಂತೆ ಬೆಂಚಿನ ಮೇಲಿದ್ದ ಒಬ್ಬ, "ಉಸ್ತಾದ್, ಸಾಹೇಬ್ರು ಬಂದ್ರು ನೋಡಿ, ಇವತ್ತು ನಿಮ್ಮ ಸಸ್ಪೆನ್ಷನ್ನು ಗ್ಯಾರಂಟಿ!" ಎಂದ. ಎಲ್ಲರೂ ನಕ್ಕರು. ಉಸ್ತಾದರು ನಗಲಿಲ್ಲ.

ಪೆಟ್ಟಿಗೆಗೆ ಕರೆಂಟು ಕೊಟ್ಟು, ವಾಲ್ವುಗಳು ಕಾಯುವವರೆಗೆ ಸುಮ್ಮನಿದ್ದು, ಯಾರದೋ ರಿಪೇರಿಗೆ ಬಂದಿದ್ದ ಗಿಟಾರನ್ನು ನನ್ನ ಕೈಗಿಟ್ಟರು. "ಬಾರಿಸಿ ಸಾಬ್. ನಿಲ್ಲಿಸ್ಬೇಡಿ."

ನಾನು ನುಡಿಸುತ್ತಿರುವಾಗಲೇ, ಎಡಗೈ ಬೆನ್ನ ಹಿಂದೆ ಇರಿಸಿಕೊಂಡು, ಆ ಹಳೆಯ ಕಂಡೆನ್ಸರ್ ಹಿಡಿದಿದ್ದ ಪಟ್ಟಿಯ ಸ್ಕ್ರೂ ಸಡಿಲಿಸಿ, ಅದನ್ನು ಮೇಲಕ್ಕೆ ಎತ್ತಿಬಿಟ್ಟರು. ದನಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅದಕ್ಕೆ ಒಂದು ತಂತಿಯೂ ಇರಲಿಲ್ಲ.

"ಹೊಸದು ಕೆಳಗಡೆ ಐತೆ, ಕಾಣದಂಗೆ. ನೀವೇ ಅಲ್ವಾ ಸಾಬ್ ಹೇಳಿದ್ದು, ನೋಡೋಕೆ ಹಾಗೇ ಇರ್ಬೇಕು ಅಂತ? ಅದಕ್ಕೇ ಇದನ್ನ ಖಾಲಿ ನಿಲ್ಲಿಸಿದ್ದೆ. ನಾನು ಎಲ್ಲಾ ಸೆಟ್ಟಿಗೂ ಹಿಂಗೇ ಮಾಡೋದು."

ನಾನು, "ಹಾಗಾದ್ರೆ ಮತ್ತೆ ಅಲ್ಲೇ ಇಟ್ಬಿಡಿ" ಎಂದೆ.

"ಇಲ್ಲ ಸಾಬ್. ಬರಹದಲ್ಲಿ ಬಂದೈತೆ. ಹಳೇದು ಇರೋದು ತಪ್ಪು ಅಂತ." ಕರೆಂಟು ತೆಗೆದು, ಬಿಸ್ಕತ್ತಿನ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ಕಂಡೆನ್ಸರ್ ನಿಂತಿದ್ದ ತೂತಿನ ಮೇಲೆ ಕೂರಿಸಿ ಬಿಗಿದರು. ಕಂಡೆನ್ಸರನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಆಗ ನಾನು ಹೇಳಬೇಕಿದ್ದುದು ಒಂದೇ ಮಾತು. ನನ್ನ ಬಾಯಿಂದ ಬಂದದ್ದು ಬೇರೆ: "ಸರಿ, ವಿಷಯ ಇತ್ಯರ್ಥವಾಯಿತು."

"ಚಹಾ ಕುಡಿದು ಹೋಗಿ" ಎಂದರು. ಕುಡಿಯದೆ ಬಂದೆ.

"ಹೋಗಿ ಕಾಲು ಹಿಡ್ಕೊಳ್ಳೋ ಮುಠ್ಠಾಳ" ಎಂದು ಅಣ್ಣ ಬೈದ. ಹೋಗಲು ಧೈರ್ಯ ಬಾರದೆ ಕ್ಷಮಾಪಣೆಯನ್ನು ಬರೆಯಲು ಕುಳಿತೆ. ಪ್ರತಿಯೊಂದು ಕರಡೂ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದೇ ಶುರುವಾಗುತ್ತಿತ್ತು. ಹರಿದು ಹಾಕಿದೆ. ಮುಂದಿನ ವಾರ ಎಂದುಕೊಂಡೆ, ಹಬ್ಬ ಕಳೆಯಲಿ ಎಂದುಕೊಂಡೆ... ವರ್ಷಗಳು ಕಳೆದವು.

ಮೊಬೈಲ್ ಅಂಗಡಿಯಿಂದ ಬಂದ ಮರುದಿನ ಬೆಳಿಗ್ಗೆಯೇ ಶಿವಾಜಿನಗರಕ್ಕೆ ಹೋದೆ. ಮೆಟ್ಟಿಲಿನ ಅಡಿಯಲ್ಲಿ ಈಗ ಮೊಬೈಲ್ ಕವರುಗಳನ್ನು ನೇತುಹಾಕಿದ್ದಾರೆ. ಚಹಾದಂಗಡಿಯವನು ಮಾತ್ರ ಅವನೇ, ಕೂದಲು ನರೆತಿದೆ. ನನ್ನನ್ನು ನೋಡುತ್ತಲೇ ಇದ್ದು, "ನೀವು ಲೆಟರ್ ಸಾಬ್ ಅಲ್ವಾ?" ಎಂದ.

ಉಸ್ತಾದರು ತೀರಿಹೋಗಿ ಆರು ವರ್ಷವಾಯಿತಂತೆ. ಕೇಳಲಾರದೆ ಕೇಳಿದೆ, ನನ್ನ ವಿಷಯ ಏನಾದರೂ ಹೇಳುತ್ತಿದ್ದರೇ ಎಂದು.

"ಬೈತಿರ್ಲಿಲ್ಲ ಸಾಬ್. ಆದ್ರೆ ಆಮೇಲೆ ಯಾರ ಸೆಟ್ಟಲ್ಲೂ ಹಳೇದನ್ನ ನಿಲ್ಲಿಸ್ಲಿಲ್ಲ. ಗಿರಾಕಿ ಹಾಗೇ ಬಿಡಿ ಅಂತ ಬೇಡ್ಕೊಂಡ್ರೂ ಇಲ್ಲ. ಕಿತ್ತು ಕೈಗೆ ಕೊಟ್ಟು, 'ನೋಡ್ಕೊಳ್ಳಿ, ಆಮೇಲೆ ಲೆಟರ್ ಹಾಕ್ಬೇಡಿ' ಅನ್ನೋರು. ನಾವೆಲ್ಲ ನಗ್ತಿದ್ವಿ."

"ಅವರು?"

ಅವನು ಲೋಟ ತೊಳೆಯುವುದನ್ನು ನಿಲ್ಲಿಸಿದ. "ಅವ್ರು ತಗಡು ಕತ್ತರಿಸ್ತಿದ್ರು."

ಹಲಸೂರಿನಲ್ಲಿ, ಇಂದಿರಾನಗರದಲ್ಲಿ, ಇನ್ನೂ ಎಷ್ಟು ಮನೆಗಳಲ್ಲಿ ಆ ದುಂಡು ತಗಡಿನ ತೇಪೆ ಹೊತ್ತ ಸೆಟ್ಟುಗಳಿವೆಯೋ ನನಗೆ ತಿಳಿಯದು. ಒಬ್ಬರು ಜೀವಮಾನವಿಡೀ ಕಾಪಾಡಿಕೊಂಡು ಬಂದಿದ್ದ ಪದ್ಧತಿಯನ್ನು ನಾನು ಒಂದು ಪುಟದಲ್ಲಿ ನಿಲ್ಲಿಸಿದೆ. ತಪ್ಪಾಯಿತೆಂದು ಹೇಳಲು ಈಗ ಅವರಿಲ್ಲ.

ಈ ಬರಹದಲ್ಲಿ ಏನೇ ತಪ್ಪು ಕಂಡುಬಂದಲ್ಲಿ ಓದುಗರು ದಯಮಾಡಿ ತಿದ್ದಬೇಕಾಗಿ ವಿನಂತಿ. ಆದರೆ ಅದನ್ನು ಪತ್ರದಲ್ಲಿ ಬರೆದು ಕಳುಹಿಸುವುದು ಬೇಡ. ನಾನು ಸಂಜೆ ಪಾರ್ಕಿನಲ್ಲಿ ನಡೆಯುತ್ತಿರುತ್ತೇನೆ. ತಡೆದು ನಿಲ್ಲಿಸಿ ಬಾಯಲ್ಲಿಯೇ ಹೇಳಿರಿ.