ಕಟುಕ ದುರ್ಮುಶ್‌ನ ಸುತ್ತಿಗೆ

ಚಳಿಯೂರು ಎರ್ಜುರುಮ್‌ನ ಆ ಮೂರಂತಸ್ತಿನ ಕಟ್ಟಡದಲ್ಲಿ ಕಟುಕ ದುರ್ಮುಶ್‌ನ ಏಟು ತಿನ್ನದವರು ಕಡಿಮೆ. ಜೀವಮಾನವೆಲ್ಲ ಕಸಾಯಿಖಾನೆಯಲ್ಲಿ ಹೋರಿ ಕೆಡವಿದವನು. ಕೆಲಸ ಬಿಟ್ಟದ್ದು ಅವನ ಕೈಗಳಿಗಿನ್ನೂ ಗೊತ್ತಾಗಿರಲಿಲ್ಲ. ಗ್ಯಾಸ್ ಮೀಟರ್ ಓದಲು ಬಂದವನ ಕಿವಿ ಹರಿದಿದ್ದ. ಮದುವೆಯೂಟದಲ್ಲಿ ಸ್ವಂತ ಭಾವಮೈದುನನ ಹಲ್ಲು ಉದುರಿಸಿದ್ದ. ಹೆಂಡತಿ ಜೋಹ್ರೆಯ ಎಡ ಮಣಿಕಟ್ಟು ಒಮ್ಮೆ ಅವನ ಕೈಯಲ್ಲೇ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

ಅವನ ಮನೆಯ ಮೂಲೆಯಲ್ಲಿ ನೆಲದಿಂದ ಚಾವಣಿ ತೂರಿ ಮೇಲೆ ಹೋಗುವ ಹಳೆಯ ಕಬ್ಬಿಣದ ಪೈಪೊಂದಿತ್ತು. ಇಡೀ ಕಟ್ಟಡಕ್ಕೆ ನೆಲಮಾಳಿಗೆಯ ಒಂದೇ ಒಲೆಯಿಂದ ಬಿಸಿನೀರು ಹರಿಯುತ್ತಿದ್ದ ಕಾಲದ್ದು. ಈಗ ಅಡುಗೆಮನೆಯ ಗೋಡೆಗೆ ಮನೆಗೊಂದು ಬಾಯ್ಲರ್. ಅದರ ಬಿಸಿನೀರು ಕೋಣೆಕೋಣೆಯ ರೇಡಿಯೇಟರ್ ಸುತ್ತಿ ಮನೆ ಬೆಚ್ಚಗಿಡುತ್ತದೆ. ಪೈಪು ಮಾತ್ರ ಹಾಗೇ ಉಳಿಯಿತು. ಮೇಲಿನವರು ಸದ್ದು ಮಾಡಿದರೆ ಪೈಪಿಗೆ ಬಡಿಯುವುದು ಅಲ್ಲಿಯ ರೂಢಿ. ಉಳಿದವರು ಚಮಚದಲ್ಲಿ ಬಡಿದರೆ ದುರ್ಮುಶ್ ಎಲುಬು ಒಡೆಯುವ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ಮೇಲಿನ ಮನೆಯ ಬಸ್ ಡ್ರೈವರ್ ಇರ್ಫಾನನ ಅವಳಿ ಹೆಣ್ಣುಮಕ್ಕಳು ಏಟು ಕೇಳಿದ ಕೂಡಲೇ ಓಟ ನಿಲ್ಲಿಸಿ ಉಸಿರು ಹಿಡಿಯುತ್ತಿದ್ದರು.

ಆ ಚಳಿಗಾಲ ದುರ್ಮುಶ್‌ನ ಚಾವಣಿ ತೊಟ್ಟಿಕ್ಕತೊಡಗಿತು. ಅವನು ಮೆಟ್ಟಿಲು ಹತ್ತಿ ಹೋದವನೇ ಇರ್ಫಾನನ ಕತ್ತಿನ ಪಟ್ಟಿ ಹಿಡಿದ.

"ನಿನ್ನ ಬಾಯ್ಲರ್ ನನ್ನ ತಲೆ ಮೇಲೆ ಉಚ್ಚೆ ಹೊಯ್ತಿದೆ ಕಣೋ!"

"ಕಾಕಾ, ನಮಗೇ ನೀರು ನಿಲ್ತಿಲ್ಲ. ಬೆಳಿಗ್ಗೆ ಪ್ರೆಶರ್ ತುಂಬಿಸ್ತೀನಿ, ಸಂಜೆಗೆ ಮುಳ್ಳು ತಳಕ್ಕೆ ಬಿದ್ದಿರುತ್ತೆ. ಮಕ್ಕಳು ಕೋಟು ಹಾಕ್ಕೊಂಡೇ ಮಲಗ್ತಾವೆ."

ದುರ್ಮುಶ್ ಅವನ ಹಣೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಚರ್ಮ ಸೀಳಿ ನೆತ್ತರು ಹುಬ್ಬಿನಿಂದ ಇಳಿಯಿತು. ಮಕ್ಕಳು ಕಿರುಚಿಕೊಂಡರು.

ಆ ನೆತ್ತರನ್ನು ಒರೆಸಿ ಕೆಳಗೆ ಬಂದವಳು ಜೋಹ್ರೆ. "ಇನ್ನೊಂದು ಸಲ ಯಾರ ಮೇಲಾದರೂ ಕೈ ಎತ್ತು, ನಾನು ಹಿನಿಸ್‌ಗೆ ಅಕ್ಕನ ಮನೆಗೆ ಹೋಗ್ತೀನಿ. ಕರೆಯೋಕೆ ಬರಬೇಡ."

"ಹೋಗು, ಹೋಗು. ಅಲ್ಲಿನ ಕುರಿಗಳಿಗೆ ನಿನ್ನ ಸಾರು ಇಷ್ಟವಾಗುತ್ತೆ," ಎಂದು ನಕ್ಕ. ಅವಳು ನಗಲಿಲ್ಲ. ಸಕ್ಕರೆ ಉಂಡೆ ಹಲ್ಲಲ್ಲಿ ಕಚ್ಚಿ ಚಹಾ ಹೀರುವಾಗಲೂ ಅವನ ಕಣ್ಣು ಬೀರುವಿನ ಮೇಲಿದ್ದ ಅವಳ ಪೆಟ್ಟಿಗೆಯ ಕಡೆಗೇ ಹೋಗುತ್ತಿತ್ತು. ಅವಳಿಲ್ಲದ ಮನೆಯಲ್ಲಿ ಅವನು ಒಂದು ದಿನವೂ ಎದ್ದವನಲ್ಲ.

ಮರುದಿನ ಇರ್ಫಾನನ ಮನೆಗೆ ಬಾಯ್ಲರ್ ರಿಪೇರಿಯ ಮೇಸ್ತ್ರಿ ನಿಹಾತ್ ಉಸ್ತಾದ್ ಬಂದ. ಅವರಿಬ್ಬರೂ ಸೇರಿ ತನಗೆ ಮೋಸ ಮಾಡದಿರಲೆಂದು ದುರ್ಮುಶ್ ಎರಡೂ ಮುಷ್ಟಿಯನ್ನು ಜೇಬಿನಲ್ಲಿ ಅದುಮಿಕೊಂಡು ಮೇಲೆ ಹೋಗಿ ನಿಂತ.

ಉಸ್ತಾದ್ ಬಾಯ್ಲರಿನ ಹೆಚ್ಚುವರಿ ನೀರು ಹೊರಹೋಗುವ ಕೊಳವೆಯ ಬಾಯಿಗೆ ಬಲೂನು ಕಟ್ಟಿದ. ಪ್ರೆಶರ್ ತುಂಬಿಸಿ, ರೇಡಿಯೇಟರುಗಳಿಗೆ ನೀರು ಹೋಗಿಬರುವ ಕೆಳಗಿನ ಎರಡು ಕವಾಟ ಮುಚ್ಚಿ ಚಹಾ ಕುಡಿಯುತ್ತ ಕೂತ. ಬಲೂನಿಗೆ ಒಂದು ಹನಿಯೂ ಇಳಿಯಲಿಲ್ಲ. ಮುಳ್ಳು ಅಲುಗಲಿಲ್ಲ.

"ಬಾಯ್ಲರ್ ಗಟ್ಟಿಮುಟ್ಟಾಗಿದೆ. ಸೋರ್ತಿರೋದು ರೇಡಿಯೇಟರಿನ ಲೈನು."

ಕವಾಟ ತೆರೆದ. ಮುಳ್ಳು ಮೆಲ್ಲಗೆ ಜಾರತೊಡಗಿತು. ಒಂದೊಂದೇ ರೇಡಿಯೇಟರಿನ ಬುಡ ಸವರುತ್ತ ಹೋಗಿ, ಮೂಲೆಯದರ ಹತ್ತಿರ ನೆಲದ ಹಲಗೆ ಎಬ್ಬಿಸಿದ. ಬಾಯ್ಲರ್ ಕೂರಿಸಿದವನು ಕೆಲಸ ಉಳಿಸಲು ಹಳೆಯ ಪೈಪಿನ ತಲೆಯನ್ನೇ ಹೊಸ ಲೈನಿಗೆ ಸೇರಿಸಿದ್ದ. ಆ ಜಾಯಿಂಟಿನ ಸುತ್ತ ಒದ್ದೆ.

"ತುಕ್ಕಿನಿಂದ ಆಗಿದ್ದಲ್ಲ ಇದು. ಅಲುಗಿ ಅಲುಗಿ ಸಡಿಲ ಆಗಿದೆ. ಈ ಪೈಪು ಕೆಳಗೆ ಯಾರ ಮನೇಲಿದೆ?"

ಇರ್ಫಾನ್ ಪಟ್ಟಿ ಕಟ್ಟಿದ ಹಣೆ ಮುಟ್ಟಿಕೊಂಡು, ದುರ್ಮುಶ್‌ನ ಕಡೆ ಕಣ್ಣು ತೋರಿಸಿ ಸುತ್ತಿಗೆ ಬಡಿಯುವ ಹಾಗೆ ಕೈ ಆಡಿಸಿದ. ಉಸ್ತಾದ್ ಮೆಟ್ಟಿಲ ಬಾಯಿಗೆ ಹೋಗಿ ಕೂಗಿದ: "ಅಕ್ಕಾ! ನಿಮ್ಮ ಮೂಲೆ ಪೈಪಿಗೆ ಒಂದೆರಡು ಸಲ ಬಡೀರಿ, ನಿಮ್ಮ ಮನೆಯವರು ಬಡಿಯೋ ಹಾಗೆ!"

ಕೆಳಗೆ ಸುತ್ತಿಗೆ ಬಿತ್ತು. ಜಾಯಿಂಟಿನಿಂದ ನೀರು ಚಿಳ್ಳನೆ ದುರ್ಮುಶ್‌ನ ಕಾಲುಚೀಲಕ್ಕೆ ಹಾರಿತು. ಮತ್ತೆ ಏಟು, ಮತ್ತೆ ಚಿಳ್ಳನೆ ನೀರು. ಒಂದೆರಡು ಎಂದಿದ್ದ ಉಸ್ತಾದ್. ಜೋಹ್ರೆ ನಿಲ್ಲಿಸಲಿಲ್ಲ. ನೆಲ ನಡುಗಿತು, ಗಾಜಿನ ಲೋಟಗಳು ತಟ್ಟೆಯಲ್ಲಿ ಕುಣಿದವು. ಅವಳಲ್ಲಿ ಅಷ್ಟು ಬಲವಿದೆಯೆಂದು ದುರ್ಮುಶ್‌ಗೆ ಗೊತ್ತಿರಲಿಲ್ಲ.

"ಸಾಕು ಅಕ್ಕಾ, ಕಟ್ಟಡ ಬಿದ್ದೀತು!" ಎಂದು ಕೂಗಿ ಉಸ್ತಾದ್ ದುರ್ಮುಶ್‌ನ ಕಡೆ ತಿರುಗಿದ. "ನಿಮ್ಮ ತಲೆ ಮೇಲೆ ನೀವೇ ನೀರು ಹೊಯ್ಕೊಂಡಿದ್ದೀರಲ್ಲ, ಅಣ್ಣ."

ಅವಳಿ ಮಕ್ಕಳಲ್ಲೊಂದು ಕಿಸಕ್ಕನೆ ನಕ್ಕಿತು.

ಮುಷ್ಟಿ ಜೇಬಿನಿಂದ ಯಾವಾಗ ಬಂತೋ ದುರ್ಮುಶ್‌ಗೂ ತಿಳಿಯಲಿಲ್ಲ. ಉಸ್ತಾದ್ ರೇಡಿಯೇಟರಿನ ಮೇಲೆ ಬಿದ್ದ. ಬಾಯಿತುಂಬ ನೆತ್ತರು, ಉಗುಳಿದಾಗ ಹಲ್ಲೊಂದು ಹಲಗೆಯ ಮೇಲೆ ಟಕ್ ಎಂದಿತು.

ಸುತ್ತಿಗೆ ಹಿಡಿದೇ ಜೋಹ್ರೆ ಬಾಗಿಲಲ್ಲಿ ನಿಂತಿದ್ದಳು.

"ಅವನೇ ರೇಗಿಸಿದ ಕಣೇ," ಎಂದ ದುರ್ಮುಶ್.

ಅವಳು ತಲೆವಸ್ತ್ರದ ತುದಿ ಹರಿದು ಉಸ್ತಾದನ ಬಾಯಿಗೆ ಒತ್ತಿದಳು. ಸುತ್ತಿಗೆಯನ್ನು ಗಂಡನ ಕೈಗಿಟ್ಟು, "ತಗೋ, ನಿನ್ನದು," ಎಂದು ಕೆಳಗಿಳಿದಳು. ಅವನು ಮನೆಗೆ ಬರುವ ಹೊತ್ತಿಗೆ ಬೀರುವಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಧೂಳಿನಲ್ಲಿ ಅದರ ಅಚ್ಚು ಮಾತ್ರ ಉಳಿದಿತ್ತು.

ಬಾಯಲ್ಲಿ ಬಟ್ಟೆ ಕಚ್ಚಿಕೊಂಡೇ ಉಸ್ತಾದ್ ಲೈನಿನ ಜಾಯಿಂಟು ಮುಚ್ಚಿ, ಹಳೆಯ ಪೈಪನ್ನು ಮೇಲಿನಿಂದ ಕೆಳಗಿನವರೆಗೂ ಕತ್ತರಿಸಿ ತೆಗೆದ. ದುರ್ಮುಶ್ ತಡೆಯಲಿಲ್ಲ. ಸಂಜೆಗೆ ಸೋರುವುದು ನಿಂತಿತು.

ಮೇಲೆ ಮನೆ ಬೆಚ್ಚಗಾಗಿ ಮಕ್ಕಳು ಓಡತೊಡಗಿದರು. ದುರ್ಮುಶ್ ಸುತ್ತಿಗೆ ಎತ್ತಿಕೊಂಡು ಮೂಲೆಗೆ ಹೋದ. ಪೈಪಿದ್ದ ಚಾವಣಿಯ ತೂತಿಗೆ ಚಿಂದಿ ತುರುಕಲಾಗಿತ್ತು. ಕೈ ಎತ್ತಿದ ಹಾಗೇ ನಿಂತ. ಮೇಲೆ ಮಕ್ಕಳು ಓಟ ನಿಲ್ಲಿಸಿ ಏಟಿಗೆ ಕಾದರು. ಬಹಳ ಹೊತ್ತು ಕಾದರು. ಆಮೇಲೆ ಮತ್ತೆ ಓಡಿದರು.