ತ್ಯಾಪಿ ಹಚ್ಚುವ ಗುರುವಾರ

ವೈನಿಯ ಬಲಗೈ ತೋರುಬೆರಳಿನ ತುದಿ ಟೀ ಸೋಸುವ ಜಾಲರಿಯ ಹಾಗಿತ್ತು. ಚಿಕ್ಕಂದಿನಿಂದ ಹಳೆ ಬಟ್ಟೆಯ ಹೊದಿಕೆ, ಕೌದಿ, ಹೊಲಿದು, ಸೂಜಿ ಚುಚ್ಚಿಸಿಕೊಂಡು, ಅಲ್ಲಿನ ಚರ್ಮವೇ ಬೇರೆ ಬಣ್ಣಕ್ಕೆ ತಿರುಗಿತ್ತು. ಅದೇ ಬೆರಳಿನಿಂದ ನನ್ನ ಕಂಪ್ಯೂಟರಿನ ಮೌಸ್ ಒತ್ತುತ್ತಿದ್ದರು. ಟಕ್ ಎಂದು, ಒಂದೇ ಸಲ. ಡಬಲ್ ಕ್ಲಿಕ್ಕಿಗೆ ನಾಲ್ಕು ಸಲ ಕುಟ್ಟುವ ನನಗೆ ಅದು ಪಿಯಾನೋ ನುಡಿಸಿದಂತೆ ಕಾಣುತ್ತಿತ್ತು.

ಪುಣೆಯ ನಮ್ಮ ಸೊಸೈಟಿಯಲ್ಲಿ ಅವರದು ಮೇಲಿನ ಫ್ಲ್ಯಾಟು. ವಿಜಾಪುರದ ಕಡೆಯವರು. ತಳೇಗಾಂವದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದು ರಿಟೈರ್ ಆದವರು. ನನಗಿಂತ ಆರು ವರ್ಷ ಚಿಕ್ಕವರಾದರೂ ಇಡೀ ಬಿಲ್ಡಿಂಗಿಗೆ ಅವರು ವೈನಿ, ಅಂದರೆ ಅತ್ತಿಗೆ. ನನಗೂ ವೈನಿಯೇ. ನಾನು ಅವರಿಗೆ ಅಕ್ಕಾರು. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ನನ್ನ ಮಾತು ಕೇಳಿ, "ನಿಮ್ಮ ಕನ್ನಡಾ ಇಸ್ತ್ರಿ ಮಾಡಿ ಇಟ್ಟಂಗ ಅದ ನೋಡ್ರಿ" ಎಂದು ನಗುತ್ತಿದ್ದರು.

ತಿಂಗಳ ಮೊದಲ ಗುರುವಾರ, ಮಧ್ಯಾಹ್ನದ ಊಟ ಮುಗಿಸಿ ಅವರು ರೌಂಡ್ಸ್ ಹೊರಡುತ್ತಿದ್ದರು. ನಮ್ಮಂಥ ವಯಸ್ಸಾದವರಿದ್ದ ಮೂರು ಮನೆಗಳ ಕಂಪ್ಯೂಟರುಗಳು ಅವರ ಪೇಶಂಟುಗಳು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು ಇದು. ಆಗ ಬ್ರೌಸರಿನಲ್ಲಿ ಒಂದು ವೀಡಿಯೋ ಓಡಬೇಕಾದರೂ ಪ್ಲಗಿನ್ ಎಂಬ ಪುಟ್ಟ ಸಾಫ್ಟ್‌ವೇರನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಅದರಲ್ಲಿ ಆಗಾಗ ಕಳ್ಳರು ನುಸುಳುವಂಥ ತೂತು ಪತ್ತೆಯಾಗುತ್ತಿತ್ತು, ತಯಾರಿಸಿದವರು ಅದನ್ನು ಮುಚ್ಚಿ ಹೊಸದನ್ನು ಕೊಡುತ್ತಿದ್ದರು. ಇಂಗ್ಲಿಷಿನಲ್ಲಿ ಪ್ಯಾಚ್. ವೈನಿಗೆ ಅದು ತ್ಯಾಪಿ, ಹರಿದ ಬಟ್ಟೆಗೆ ಹಾಕುವ ತೇಪೆ.

"ಅಕ್ಕಾರ, ಬಾಗ್ಲಾ ತಗೀರಿ, ತ್ಯಾಪಿ ಹಚ್ಚಾಕ ಬಂದೀನಿ!"

ಮೆಟ್ಟಿಲಲ್ಲೇ ಹೀಗೆ ಕೂಗಿದರೆ ನನಗೆ ಮುಜುಗರ. ಯೂನಿಫಾರ್ಮಿಗೆ ತೇಪೆ ಹಾಕಿಕೊಂಡು ಬಂದ ಹುಡುಗಿಯನ್ನು ನಮ್ಮ ಸಿಸ್ಟರ್ "ಸ್ಲಾವನ್ಲಿ ಗರ್ಲ್", ಕೊಳಕು ಹುಡುಗಿ, ಎಂದು ಅಸೆಂಬ್ಲಿಯಲ್ಲಿ ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಅದನ್ನು ಹೇಳಿದಾಗ ವೈನಿ ತಲೆಯಾಡಿಸಿದರು. "ತೂತ ಬೀಳೂದು ತಪ್ಪಲ್ರಿ. ತೂತ ಅದ ಅಂತ ಗೊತ್ತಿದ್ದೂ ಹಂಗ ಹೊಚ್ಕೊಂಡು ಮಲಗೂದು ತಪ್ಪ."

ವರ್ಷಕ್ಕೊಮ್ಮೆ ಜೇಜುರಿಯ ದೇವರಿಗೆ ಹೋಗಿ ಬಂದ ವಾರವಂತೂ, ಅಲ್ಲಿ ಎರಚಿ ಅವರ ಉಗುರಿನ ಸಂದಿಯಲ್ಲಿ ಉಳಿದ ಭಂಡಾರವೆಲ್ಲ ನನ್ನ ಕೀಬೋರ್ಡಿಗೆ. ಎಷ್ಟು ಒರೆಸಿದರೂ ಕೀಲಿಗಳ ನಡುವೆ ಅರಿಶಿನ.

ನಮ್ಮವರು ತೀರಿಕೊಂಡ ಮೇಲೆ ನಾನು ವೈನಿಗೆ ಸುಳ್ಳು ಹೇಳಲು ಶುರುಮಾಡಿದೆ. ಅವರು ಬಂದರೆ, "ನಾನೇ ಮಾಡಿಕೊಂಡೆ, ಥ್ಯಾಂಕ್ಯೂ" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದೆ. ಕಾರಣವಿತ್ತು. ನಮ್ಮ ನಲವತ್ತನೆಯ ಆನಿವರ್ಸರಿಗೆ ನಮ್ಮವರು ಒಂದು ವೆಬ್‌ಸೈಟಿನಲ್ಲಿ ಮಾತನಾಡುವ ಗ್ರೀಟಿಂಗ್ ಕಾರ್ಡ್ ಮಾಡಿ ಕಳಿಸಿದ್ದರು. ಅದರಲ್ಲಿ ಅವರ ದನಿ. ಬೇರೆಲ್ಲೂ ಅವರ ದನಿ ನನ್ನ ಹತ್ತಿರ ಇರಲಿಲ್ಲ. ಕಾರ್ಡು ಓಡುತ್ತಿದ್ದುದು ಆ ಪ್ಲಗಿನ್ನಿನಲ್ಲೇ. ಅಪ್‌ಡೇಟ್ ಮಾಡಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂದು ವಾಕಿಂಗಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ನಾಲ್ಕು ತಿಂಗಳು "ನಾಟ್ ನೌ" ಒತ್ತುತ್ತಲೇ ಬಂದೆ.

ಒಂದು ಬೆಳಿಗ್ಗೆ ಕಾರ್ಡು ತೆರೆಯಲು ಹೋದರೆ ಕೆಂಪು ಪೆಟ್ಟಿಗೆಯೊಂದು ಪರದೆಯ ತುಂಬ ಮಿಣುಕಿತು. ನಿಮ್ಮ ಪ್ಲಗಿನ್ ಕೆಟ್ಟಿದೆ, ತಕ್ಷಣ ಇಲ್ಲಿ ಒತ್ತಿ, ಇಲ್ಲದಿದ್ದರೆ ನಿಲ್ಲುತ್ತದೆ. ನಿಲ್ಲುತ್ತದೆ ಎಂಬ ಮಾತಿಗೇ ನನ್ನ ಕೈ ಮೌಸಿಗೆ ಹೋಯಿತು. ಶೇಂಗಾ ಚಟ್ನಿ ಕೊಡಲು ಒಳಬಂದಿದ್ದ ವೈನಿ ಅಲ್ಲಿಂದಲೇ ಚೀರಿದರು.

"ಒತ್ತಬ್ಯಾಡ್ರಿ! ಬೀದ್ಯಾಗ ಹೋಗಾಂವ 'ನಿಮ್ಮ ಕೌದಿ ಹರದದ' ಅಂದ್ರ ಕೌದಿ ಅವನ ಕೈಯಾಗ ಕೊಟ್ಟ ಬಿಡ್ತೀರೇನು? ತ್ಯಾಪಿ ಬೇಕಂದ್ರ ಮಾಡಿದವರ ಮನಿಗೆ ನಾವ ಹೋಗಿ ತರಬೇಕು."

ಕೆಂಪು ಪೆಟ್ಟಿಗೆಯನ್ನು ಮುಚ್ಚಿ, ಪ್ಲಗಿನ್ನಿನ ವರ್ಷನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನಾನ ಮಾಡ್ಕೊಂಡೆ ಅಂದಿದ್ರಿ?"

ಎಪ್ಪತ್ತರ ಹತ್ತಿರದ ಹೆಂಗಸು ನಾನು, ಹಿಂದಿನ ಸಾಲಿಗೆ ಕಳಿಸಿದ ಹುಡುಗಿಯ ಹಾಗೆ ನಿಂತು ಎಲ್ಲ ಹೇಳಿದೆ. ಕಾರ್ಡನ್ನೂ ಹಾಕಿ ತೋರಿಸಿದೆ.

"ಲೇ ಕಾನ್ವೆಂಟು, ಫಾರ್ಟಿ ಇಯರ್ಸ್ ಆಯ್ತು ಕಣೇ. ಇನ್ನಾದ್ರೂ ಕಾಫಿಗೆ ಸರಿಯಾಗಿ ಸಕ್ಕರೆ ಹಾಕೋದು ಕಲಿ." ಅಷ್ಟೇ ಮಾತು, ಆಮೇಲೆ ನಮ್ಮವರ ಗೊಗ್ಗರು ನಗು.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮೆ ಹಚ್ರಿ" ಎಂದರು. ಎರಡನೆಯ ಸಲ ಕೇಳಿ ಮುಗಿಸಿ, "ತ್ಯಾಪಿ ಹಚ್ಚಿದ್ರ ಇದು ಹೋಗೂದಿಲ್ರಿ. ಆದ್ರ ಹರಿಯೂ ಅರಿವಿ ಇದು, ಎಷ್ಟ ದಿನಾ ಅಂತ ಹಚ್ಚೂದು? ಮೊದಲ ಧ್ವನಿ ಕಟ್ಟಿಡೋಣು, ಆಮ್ಯಾಲೆ ಅಪ್‌ಡೇಟ್" ಎಂದರು.

ಫ್ಯಾನ್ ಆರಿಸಿದರು. ಕಿಟಕಿ ಮುಚ್ಚಿದರು. ಎದುರು ಮನೆಯ ಮಿಕ್ಸರ್ ಗುರ್ರೆನ್ನುತ್ತಿತ್ತು. ಹೋಗಿ ಮರಾಠಿಯಲ್ಲಿ ಅದೇನು ಹೇಳಿದರೋ, ಅದೂ ನಿಂತಿತು. ನನ್ನ ಫೋನನ್ನು ಸ್ಪೀಕರಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿದರು. ನಗು ಮುಗಿಯಿತು. ರೆಕಾರ್ಡಿಂಗ್ ನಿಂತಿತೆಂದುಕೊಂಡು, "ಖರೇ ಹೇಳ್ಯಾರ್ರೀ ಅಕ್ಕಾರ, ಸಕ್ಕರಿ ಭಾಳ ಕಡಿಮಿ ಹಾಕ್ತೀರಿ" ಎಂದರು. ಅದೂ ಒಳಗೆ ಸೇರಿಕೊಂಡಿತು.

ಆಮೇಲೆ ಪ್ಲಗಿನ್ ಮಾಡಿದವರ ಸೈಟಿನ ವಿಳಾಸವನ್ನು ತಾವೇ ಟೈಪ್ ಮಾಡಿ, ಜೊತೆಯಲ್ಲಿ ಬರುವ ಬೇಡದ ಸಾಫ್ಟ್‌ವೇರಿಗೆ ಮೊದಲೇ ಹಾಕಿದ್ದ ಟಿಕ್ ತೆಗೆದು, ಬ್ರೌಸರ್ ಮುಚ್ಚಿ ಅಪ್‌ಡೇಟ್ ಮಾಡಿದರು. ನೀಲಿ ಗೆರೆ ತುಂಬುವವರೆಗೂ ನಾನು ಅವರ ಮೊಣಕೈ ಹಿಡಿದೇ ಇದ್ದೆ. ಕಾರ್ಡು ತೆರೆದರೆ, "ಲೇ ಕಾನ್ವೆಂಟು".

ಮುಂದೆ ಕೆಲವು ವರ್ಷಗಳಲ್ಲಿ ಆ ಪ್ಲಗಿನ್ ನಿಂತೇಹೋಯಿತು. ಕಾರ್ಡಿನ ಜಾಗದಲ್ಲಿ ಈಗ ಬರೀ ಬೂದು ಚೌಕ. ಎರಡು ವರ್ಷದ ಹಿಂದೆ ವೈನಿಯೂ ಹೋದರು. ನಾಲ್ಕೇ ದಿನ ಆಸ್ಪತ್ರೆಯಲ್ಲಿ ಇದ್ದದ್ದು.

ಮೊನ್ನೆ ಹೊಸ ಫೋನು ಕೊಂಡೆ. ಹಳೆಯದರಿಂದ ಎಲ್ಲವನ್ನೂ ಇದಕ್ಕೆ ತುಂಬಿಕೊಡುತ್ತಿದ್ದ ಅಂಗಡಿಯವರು ಆ ರೆಕಾರ್ಡಿಂಗ್ ಕೇಳಿ, ಕೊನೆಯಲ್ಲಿ ಬೇರೆ ಯಾರೋ ಹೆಂಗಸು ನಡುವೆ ಬಾಯಿ ಹಾಕಿದ್ದಾರೆ, ಅಷ್ಟನ್ನು ಕತ್ತರಿಸಲೇ ಎಂದು ಮರಾಠಿಯಲ್ಲಿ ಕೇಳಿದರು.

"ನಕೋ, ನಕೋ" ಎಂದೆ. "ಅವರು ಫೋನು ಹಿಡಿದುಕೊಂಡಿದ್ದಕ್ಕೇ ಅವರ ದನಿ ಉಳಿದದ್ದು."

ಹಿಡಿದವರು ಯಾರು, ಉಳಿದದ್ದು ಯಾರ ದನಿ ಎಂದು ಅಂಗಡಿಯವರು ಕೇಳಲಿಲ್ಲ. ಹಾಗೆಯೇ ತುಂಬಿಕೊಟ್ಟರು.