ಸೈರನ್ನಣ್ಣ ಕೂತು ತಿಂದ ಪಿಜ್ಜಾ

ಮೀಸೆ ಕಪ್ಪಗಿದ್ದಾಗ ಆಂಬುಲೆನ್ಸಿನ ಸ್ಟೇರಿಂಗ್ ಹಿಡಿದವನು ಅದು ಪೂರ್ತಿ ನರೆತ ಮೇಲೆ ಬಿಟ್ಟ. ಆಸ್ಪತ್ರೆಯವರೆಲ್ಲ ಅವನನ್ನು ಸೈರನ್ನಣ್ಣ ಎಂದೇ ಕರೆಯುತ್ತಿದ್ದರು. ಊಟವೆಂದರೆ ಅವನಿಗೆ ಬಾನೆಟ್ಟಿನ ಮೇಲೆ ಡಬ್ಬಿಯಿಟ್ಟು ನಿಂತಲ್ಲೇ ನಾಲ್ಕು ತುತ್ತು ಗಂಟಲಿಗಿಳಿಸುವುದು. ನಿವೃತ್ತನಾದರೂ ಆ ಚಾಳಿ ಬಿಡಲಿಲ್ಲ. ತಟ್ಟೆ ಹಿಡಿದುಕೊಂಡೇ ಮನೆಯೊಳಗೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿಗೆ ಇದನ್ನು ನೋಡಿ ನೋಡಿ ತಲೆ ಚಿಟ್ಟುಹಿಡಿಯಿತು.

"ಬಟ್ಟೆ ಹೊಲಿಸೋಕೆ ಬರೋರೆಲ್ಲ ಆ ಮೂಲೆ ಪಿಜ್ಜಾ ಅಂಗಡೀನೇ ಹೊಗಳ್ತಾರೆ. ನಾವಿನ್ನೂ ಅದರ ಮೆಟ್ಟಿಲು ತುಳಿದಿಲ್ಲ. ಭಾನುವಾರ ಹೋಗೋಣ. ಎದುರುಬದುರು ಕೂತು ತಿನ್ನೋಣ," ಎಂದಳು.

ಭಾನುವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲಿನಲ್ಲಿ ನಿಂತ ಸೈರನ್ನಣ್ಣನಿಗೆ ಅಂಗಾಲಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಕೊನೆಗೊಮ್ಮೆ ಗಾಜಿನ ಪಕ್ಕದ ಮೇಜು ಸಿಕ್ಕಿತು. ರಸ್ತೆ ಕಾಣುವ ಕುರ್ಚಿಯನ್ನು ಅವನೇ ಹಿಡಿದ.

"ಬೇಗ ಆಗೋದು ಯಾವುದಪ್ಪಾ?" ಎಂದು ಸರ್ವರನ್ನು ಕೇಳಿದ.

"ಎಲ್ಲಾ ಒಂದೇ ಒಲೇಲಿ ಬೇಯೋದು ಅಂಕಲ್."

ಹೆಂಡತಿ ಅಣಬೆಯದ್ದು ಹೇಳಿದಳು. ಬಂತು. ಅವಳು ಒಂದು ತುಂಡು ಎತ್ತಿದರೆ ಚೀಸು ಎಳೆ ಎಳೆಯಾಗಿ ಮೇಜಿನುದ್ದಕ್ಕೂ ಬಂತು. "ಅಯ್ಯೋ, ಕತ್ತರಿ ತರಬೇಕಿತ್ತು!" ಎಂದು ನಕ್ಕಳು. ಅವನೂ ನಕ್ಕು ಒಂದು ತುಂಡಿಗೆ ಕೈ ಹಾಕಿದ.

ಅಷ್ಟರಲ್ಲಿ ಹೊರಗೆ ಸೈರನ್.

ಕುರ್ಚಿ ಹಿಂದಕ್ಕೆ ಬಿದ್ದದ್ದೂ ಗೊತ್ತಾಗದೆ ಅವನು ಹೊರಗೆ ಓಡಿದ. ಪಿಜ್ಜಾಕ್ಕೆ ಬಂದವರ ಸ್ಕೂಟರುಗಳು ಅರ್ಧ ರಸ್ತೆ ನುಂಗಿದ್ದವು. ಆಂಬುಲೆನ್ಸು ಅಲುಗಾಡದೆ ನಿಂತಿತ್ತು. ಅವನು ಸಿಕ್ಕ ಸಿಕ್ಕ ಗಾಡಿಯನ್ನು ದರದರ ಎಳೆದ, ಅಡ್ಡ ನಿಂತ ಕಾರಿನ ಬಾನೆಟ್ಟಿಗೆ ಗುದ್ದಿದ, ಗಂಟಲು ಹರಿಯುವ ಹಾಗೆ ಕೂಗಿದ. ದಾರಿಯಾಯಿತು. ಆಂಬುಲೆನ್ಸಿನ ಡ್ರೈವರು ಕೈ ಎತ್ತಿ ತೋರಿಸಿ ಹೊರಟುಹೋದ.

ಬೆವರು ಸುರಿಸುತ್ತ ಒಳಗೆ ಬಂದರೆ ಹೆಂಡತಿ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಪಿಜ್ಜಾ ಆರಿಹೋಗಿತ್ತು.

"ಬಿಸಿ ಇದ್ದಾಗ್ಲೇ ತಿನ್ನೋದಲ್ವಾ?"

"ಒಬ್ಳೇ ತಿನ್ನೋ ಹಾಗಿದ್ರೆ ಮನೇಲೇ ತಿಂತಿದ್ದೆ. ನಾನು ಸ್ಟ್ರೆಚರ್ ಮೇಲೆ ಮಲಗಿದ್ರೆ ಮಾತ್ರ ನನ್ನ ಜೊತೆ ಇರ್ತೀರೇನೋ."

ಅವನು ಬಿದ್ದ ಕುರ್ಚಿ ಎತ್ತಿ ಕೂತ. ಆರಿದ ಪಿಜ್ಜಾವನ್ನೇ ನೋಡುತ್ತ ಹೇಳಿದ: "ಸುಮ್ನೆ ಕೂತ್ರೆ, ಎಲ್ಲೋ ಯಾರೋ ನಾನು ಬರ್ತೀನಿ ಅಂತ ಕಾಯ್ತಿದಾರೆ ಅನ್ಸುತ್ತೆ ಕಣೇ. ತಡ ಆಗ್ತಿದೆ, ತಡ ಆಗ್ತಿದೆ ಅಂತ. ನಿದ್ದೇಲೂ ಅಷ್ಟೇ."

ಇಷ್ಟು ವರ್ಷದಲ್ಲಿ ಅವನು ಈ ಮಾತು ಆಡಿರಲಿಲ್ಲ. ಅವಳು ಅವನನ್ನೇ ನೋಡಿದಳು. ಆಮೇಲೆ ಎದ್ದಳು.

"ಏಳಿ, ಈ ಕಡೆ ಬನ್ನಿ. ರಸ್ತೆ ನಾನು ನೋಡ್ಕೋತೀನಿ. ನೀವು ತಿನ್ನಿ."

ಕುರ್ಚಿ ಬದಲಾಯಿತು. ಈಗ ಅವನ ಬೆನ್ನು ರಸ್ತೆಗೆ. ಒಂದೊಂದು ಹಾರ್ನಿಗೂ ಕತ್ತು ತಿರುಗಲು ನೋಡುತ್ತಿತ್ತು. ಅವಳು ಬಾಯಲ್ಲಿ ಪಿಜ್ಜಾ ಇಟ್ಟುಕೊಂಡೇ ವರದಿ ಒಪ್ಪಿಸಿದಳು: "ಏನಿಲ್ಲ, ಹಾಲಿನ ವ್ಯಾನು... ಏನಿಲ್ಲ, ಯಾರೋ ಬೈಕಿನೋನು, ಅವಸರ ಅವನಿಗೆ..."

ಮೇಜಿನ ಕೆಳಗೆ ಅವನ ಮಂಡಿ ಕುಣಿಯುತ್ತಲೇ ಇತ್ತು. ಆದರೂ ತಣ್ಣಗಾದ ಅಣಬೆಯನ್ನು ಅಗಿಯುತ್ತ ಅವನು ಕತ್ತು ತಿರುಗಿಸುವುದನ್ನು ಬಿಟ್ಟ; ಸದ್ದಾದಾಗಲೆಲ್ಲ ಅವಳ ಮುಖ ನೋಡತೊಡಗಿದ.